ತೋಟದ ನಡುವಿನ ಚುಕ್ಕಿ



ಮೂಡಿಗೆರೆ ಕಡೆಯ ನಮ್ಮ ಊರಿನಲ್ಲಿ ನನ್ನ ಚಿಕ್ಕಪ್ಪ ಮೂರು ಎಕರೆ ಕಾಫಿ ತೋಟ ಮಾಡಿಕೊಂಡಿದ್ದಾರೆ. ಒಂದಷ್ಟು ಅರೇಬಿಕಾ, ಉಳಿದದ್ದು ರೋಬಸ್ಟಾ. ಕಳೆದ ಸಲ ಕೊಯ್ಲಿನ ಹೊತ್ತಿಗೆ ನಾನು ಅಲ್ಲಿಗೆ ಹೋಗಿದ್ದೆ. ಕಣದಲ್ಲಿ ಹಣ್ಣು ಹರಡುತ್ತಿದ್ದಾಗ, ಪ್ರತಿವರ್ಷ ಕಾಫಿ ಕೊಳ್ಳುವ ವ್ಯಾಪಾರಿಯ ಕಡೆಯ ಹುಡುಗನೊಬ್ಬ ಬೈಕಿನಲ್ಲಿ ಬಂದ. ತೂಕದ ಮಾತಿಲ್ಲ, ರೇಟಿನ ಮಾತಿಲ್ಲ. "ಗೌಡ್ರೇ, ಪಹಣಿ ಒಂದು ಜೆರಾಕ್ಸ್ ಬೇಕು. ಆಮೇಲೆ ತೋಟದ ಮಧ್ಯಕ್ಕೆ ಹೋಗಿ ಒಂದು ಪಾಯಿಂಟ್ ತಗೋಬೇಕು" ಅಂದ.

ಮೂವರೂ ತೋಟದೊಳಕ್ಕೆ ಹೋದೆವು. ಹುಡುಗ ಮೊಬೈಲನ್ನು ಮೇಲೆತ್ತಿ ಹಿಡಿದು ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು ಹೆಜ್ಜೆ ಓಡಾಡಿದ. ಪಾಯಿಂಟು ಒಂದು ಕಡೆ ನಿಲ್ಲುತ್ತಲೇ ಇಲ್ಲ. ಒಮ್ಮೆ ಪಕ್ಕದ ಗದ್ದೆಯಲ್ಲಿ ತೋರಿಸುತ್ತದೆ, ಒಮ್ಮೆ ರಸ್ತೆಯಾಚೆ ತೋರಿಸುತ್ತದೆ. ಚಿಕ್ಕಪ್ಪ ಕೇಳಿದರು, "ಇದೆಲ್ಲ ಯಾಕಪ್ಪ ಈಗ?"

"ಯುರೋಪ್‌ನೋರು ಕೇಳ್ತಾರಂತೆ ಗೌಡ್ರೇ. ಈ ತೋಟ ಕಾಡು ಕಡಿದು ಮಾಡಿದ್ದಲ್ಲ ಅಂತ ತೋರಿಸ್ಬೇಕಂತೆ."

ಚಿಕ್ಕಪ್ಪ ತಲೆಯೆತ್ತಿ ನೋಡಿದರು. ಮೇಲೆ ಹಾಲುವಾಣ, ಅತ್ತಿ, ಹಲಸು, ನಡುವೆ ನನ್ನಜ್ಜನ ಕಾಲದ ಒಂದು ಗೋಣಿಮರ. "ಇಷ್ಟು ಮರ ಇಟ್ಕೊಂಡಿದ್ದಕ್ಕೇ ಅಲ್ವೇನಪ್ಪ ನಿನ್ನ ಮೊಬೈಲ್ ಕೆಲಸ ಮಾಡ್ತಿಲ್ಲ" ಅಂದರು.

ಆ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ. ಶ್ರೀಮಂತ ದೇಶಗಳು ಪರಿಸರದ ಹೆಸರಿನಲ್ಲಿ ಮಾಡುವ ವ್ಯಾಪಾರದ ನಿಯಮಗಳು ನಮ್ಮಂಥ ದೇಶಗಳ ಅಂಗಳಕ್ಕೆ ಹೇಗೆ ಬಂದು ಇಳಿಯುತ್ತವೆ ಎಂಬುದನ್ನು ಇವತ್ತು ನಾನು ಆ ಗೋಣಿಮರದ ಬುಡದಿಂದಲೇ ಹೇಳಬೇಕೆಂದಿದ್ದೇನೆ.

ಆ ಹುಡುಗ ಹೇಳಿದ್ದು ಐರೋಪ್ಯ ಒಕ್ಕೂಟ 2023ರಲ್ಲಿ ಮಾಡಿದ ಅರಣ್ಯನಾಶ ತಡೆ ಕಾನೂನಿನ ಸಂಗತಿ. ಕಾಫಿ, ಕೋಕೋ, ತಾಳೆ ಎಣ್ಣೆ, ಸೋಯಾ, ರಬ್ಬರ್, ಮರಮುಟ್ಟು, ದನ, ಈ ಏಳು ಸರಕುಗಳಿಗೂ ಇವುಗಳಿಂದ ಮಾಡಿದ ಹಲವು ಪದಾರ್ಥಗಳಿಗೂ ಅದು ಅನ್ವಯಿಸುತ್ತದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದನ್ನು ಯುರೋಪಿನ ಮಾರುಕಟ್ಟೆಗೆ ತರುವಂತಿಲ್ಲ. ಬೆಳೆದ ದೇಶದ ಕಾನೂನು ಮೀರಿ ಬೆಳೆದದ್ದೂ ಬರುವಂತಿಲ್ಲ. ಸರಕು ತರುವವನು ಅದು ಯಾವ ಜಮೀನಿನದು ಎಂದು ಅಕ್ಷಾಂಶ ರೇಖಾಂಶ ಸಮೇತ ಹೇಳಬೇಕು, ಅದೂ ದಶಾಂಶ ಬಿಂದುವಿನ ನಂತರ ಆರು ಅಂಕಿಗಳವರೆಗೆ. ನಾಲ್ಕು ಹೆಕ್ಟೇರ್‌ಗಿಂತ ದೊಡ್ಡ ತೋಟಕ್ಕೆ ಸುತ್ತಲಿನ ಗಡಿಯನ್ನೇ ಗುರುತಿಸಿ ಕೊಡಬೇಕು, ಚಿಕ್ಕದಕ್ಕೆ ಒಂದು ಚುಕ್ಕಿ ಸಾಕು. ಹುಡುಗ ಹುಡುಕುತ್ತಿದ್ದದ್ದು ಆ ಒಂದು ಚುಕ್ಕಿಯನ್ನು. ತಪ್ಪಿದ ಕಂಪನಿಗೆ ಹಾಕಬಹುದಾದ ಗರಿಷ್ಠ ದಂಡ ಯುರೋಪಿನಲ್ಲಿ ಅದು ಮಾಡುವ ವಾರ್ಷಿಕ ವಹಿವಾಟಿನ ಶೇಕಡ 4ಕ್ಕಿಂತ ಕಡಿಮೆ ಇರಕೂಡದು ಎಂದು ಕಾನೂನೇ ಹೇಳುತ್ತದೆ. ಇಟಲಿಯಲ್ಲಿ ಕಾಫಿ ಹುರಿಯುವ ಕಂಪನಿ ಆ ದಂಡಕ್ಕೆ ಹೆದರಿ ನಮ್ಮ ರಫ್ತುದಾರನನ್ನು ಕೇಳುತ್ತದೆ, ರಫ್ತುದಾರ ಕಾಫಿ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ನವರನ್ನು ಕೇಳುತ್ತಾನೆ, ಅವರು ಊರಿನ ವ್ಯಾಪಾರಿಯನ್ನು ಕೇಳುತ್ತಾರೆ, ವ್ಯಾಪಾರಿ ಹುಡುಗನನ್ನು ಬೈಕಿನಲ್ಲಿ ಕಳಿಸುತ್ತಾನೆ.

ಈ ಕಾನೂನಿನ ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. 1990ರಿಂದ 2020ರವರೆಗಿನ ಮೂವತ್ತು ವರ್ಷಗಳಲ್ಲಿ ಲೋಕದಲ್ಲಿ 42 ಕೋಟಿ ಹೆಕ್ಟೇರ್ ಕಾಡು ಹೋಯಿತೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಲೆಕ್ಕ ಕೊಟ್ಟಿದೆ. ಅದು ಹೆಚ್ಚುಕಡಿಮೆ ಇಡೀ ಐರೋಪ್ಯ ಒಕ್ಕೂಟದಷ್ಟು ನೆಲ. ಅಮೆಜಾನಿನಲ್ಲಿ ದನ ಮೇಯಿಸಲು, ಸೋಯಾ ಬಿತ್ತಲು, ಸುಮಾತ್ರಾ ಬೋರ್ನಿಯೋಗಳಲ್ಲಿ ತಾಳೆ ನೆಡಲು ಬೆಂಕಿಯಿಟ್ಟ ಕಾಡಿನ ಫಸಲು ಯುರೋಪಿನ ಊಟದ ಮೇಜಿಗೂ ಹೋಗಿದೆ. ಈ ಪಾತಕದ ಫಲವನ್ನು ನಾವು ಇನ್ನು ತಿನ್ನುವುದಿಲ್ಲ ಎಂದು ಒಂದು ಸಮಾಜ ತೀರ್ಮಾನಿಸಿದರೆ ಅದು ಒಳ್ಳೆಯದೇ. ಪಶ್ಚಿಮ ಘಟ್ಟದಲ್ಲಿ ಹುಟ್ಟಿದವನು ನಾನು. ಗುಡ್ಡ ಜರಿದು ಮನೆಗಳು ಹೋದ 2018ರ ಕೊಡಗನ್ನು, ಮರುವರ್ಷ ನಮ್ಮ ತಾಲ್ಲೂಕಿನಲ್ಲೇ ಆದದ್ದನ್ನು ಕಣ್ಣಾರೆ ಕಂಡವನು. ಕಾಡು ಉಳಿಯಲಿ ಎನ್ನುವವರು ಎಲ್ಲಿದ್ದರೂ ನನ್ನವರೇ.

ನನ್ನ ಪ್ರಶ್ನೆ ಬೇರೆ. ತಪ್ಪು ಮಾಡಿಲ್ಲವೆಂದು ತೋರಿಸುವ ಹೊರೆಯನ್ನು ಯಾರ ತಲೆಯ ಮೇಲೆ ಇಟ್ಟಿದ್ದಾರೆ? ಆ ಹೊರೆಯ ಕೂಲಿ ಯಾರು ಕೊಡುತ್ತಾರೆ?

ನಮ್ಮ ಕಾಫಿಯ ಸಂಗತಿಯನ್ನೇ ನೋಡಿ. ದೇಶದ ಕಾಫಿಯಲ್ಲಿ ಸುಮಾರು ಶೇಕಡ 70 ಕರ್ನಾಟಕದ್ದು. ಬೆಳೆದದ್ದರಲ್ಲಿ ಹೆಚ್ಚಿನ ಪಾಲು ಹಡಗು ಹತ್ತುತ್ತದೆ, ಕೊಳ್ಳುವವರಲ್ಲಿ ಇಟಲಿಯೇ ಮುಂದು. ಅವರ ಎಸ್ಪ್ರೆಸೊದ ಮೇಲೆ ನಿಲ್ಲುವ ನೊರೆಗೆ ನಮ್ಮ ರೋಬಸ್ಟಾ ಬೇಕು. ಬೆಳೆಯುವವರಲ್ಲಿ ನೂರಕ್ಕೆ ತೊಂಬತ್ತೆಂಟಕ್ಕೂ ಹೆಚ್ಚು ಮಂದಿ ಹತ್ತು ಹೆಕ್ಟೇರ್‌ಗಿಂತ ಕಡಿಮೆ ಇರುವ ಸಣ್ಣ ಬೆಳೆಗಾರರು. ಲೈನ್ ಮನೆ, ರೈಟರು, ಜೀಪು ಇರುವ ಎಸ್ಟೇಟಿನ ಚಿತ್ರ ಸಿನಿಮಾದಿಂದ ನಮ್ಮ ತಲೆಯಲ್ಲಿ ಉಳಿದಿದೆ. ಆದರೆ ಯುರೋಪಿಗೆ ಹೋಗುವ ಚೀಲಗಳಲ್ಲಿ ಇರುವುದು ಹೆಚ್ಚಾಗಿ ಎರಡೆಕರೆ, ಮೂರೆಕರೆಯವರ ಬೆವರು. ಅವರು ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಇಟ್ಟುಕೊಂಡವರಲ್ಲ. ಹಣ್ಣನ್ನು ಕಣದಲ್ಲಿ ಒಣಗಿಸಿ ಚೆರಿ ಮಾಡುತ್ತಾರೆ, ಕೈ ಬಿಗಿಯಾದಾಗ ನಾಲ್ಕು ಚೀಲ ಕೊಡುತ್ತಾರೆ, ಮಗಳ ಫೀಸಿಗೆ ಮತ್ತೆ ಎರಡು ಚೀಲ ಕೊಡುತ್ತಾರೆ. ಊರಿನ ವ್ಯಾಪಾರಿಯ ಗೋದಾಮಿನಲ್ಲಿ ಇಂಥ ಐವತ್ತು ಮನೆಯ ಕಾಫಿ ಒಂದೇ ರಾಶಿಯಾಗುತ್ತದೆ. ಹಾಸನದ ಕ್ಯೂರಿಂಗ್ ವರ್ಕ್ಸ್‌ಗೆ ಹೋಗುವ ಹೊತ್ತಿಗೆ ಯಾವ ಬೀಜ ಯಾರ ಗಿಡದ್ದು ಎಂದು ಹೇಳುವ ದಾರಿಯೇ ಇಲ್ಲ. ಎಷ್ಟೋ ವರ್ಷದಿಂದ ವ್ಯಾಪಾರ ಹೀಗೇ ನಡೆದಿದೆ. ಹೊಸ ಕಾನೂನಿನಲ್ಲಿ ಚುಕ್ಕಿ ಇಲ್ಲದ ಒಂದು ಚೀಲ ಆ ರಾಶಿಗೆ ಸೇರಿದರೆ ಇಡೀ ಕಂಟೇನರು ಮೈಲಿಗೆ.

ಇನ್ನು ಮರದ ವಿಷಯ. ಬ್ರೆಜಿಲಿನಲ್ಲಿ ಕಾಫಿಯನ್ನು ಹೆಚ್ಚಾಗಿ ಬಯಲಿನಲ್ಲಿ, ಬಿಸಿಲಿಗೆ ಒಡ್ಡಿ, ಯಂತ್ರ ಓಡಾಡುವಂತೆ ಸಾಲುಸಾಲಾಗಿ ಬೆಳೆಯುತ್ತಾರೆ. ನಮ್ಮದು ನೆರಳಿನ ಕಾಫಿ. ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡಿ ಬೆಳಕು ಬಿಡುತ್ತೇವೆ, ಬೇಸಗೆಗೆ ಮತ್ತೆ ಚಿಗುರು ಕೂಡಿ ನೆರಳಾಗುತ್ತದೆ. ಬೆಂಗಳೂರಿನ ವನ್ಯಜೀವಿ ಅಧ್ಯಯನ ಕೇಂದ್ರದ ಸಂಶೋಧಕರು ಕರ್ನಾಟಕದ ಘಟ್ಟದ ಕಾಫಿ, ಅಡಿಕೆ, ರಬ್ಬರ್ ತೋಟಗಳಲ್ಲಿ 204 ಜಾತಿಯ ಹಕ್ಕಿಗಳನ್ನು ಎಣಿಸಿದರು. ಅವುಗಳಲ್ಲಿ 79 ಕಾಡನ್ನೇ ನಂಬಿದ ಜಾತಿಗಳು. ಮೂರರಲ್ಲಿ ಕಾಫಿ ತೋಟವೇ ಹಕ್ಕಿಗಳಿಗೆ ಹೆಚ್ಚು ಒಗ್ಗಿದ್ದು. ಇಂಥ ತೋಟವನ್ನು ಉಪಗ್ರಹ ಮೇಲಿನಿಂದ ನೋಡಿದರೆ ಕಾಣುವುದೇನು? ಹಸಿರು ಚಪ್ಪರ. ಅದು ಕಾಡೋ ತೋಟವೋ ತಿಳಿಯುವುದಿಲ್ಲ. ಕಾನೂನಿನ ಅಕ್ಷರ ನೋಡಿದರೆ, 2020ಕ್ಕೆ ಮೊದಲೇ ತೋಟವಾಗಿದ್ದ ನೆರಳಿನ ಕಾಫಿ ಕೃಷಿಭೂಮಿ, ಕಾಡಲ್ಲ, ಬಾಧಕವಿಲ್ಲ. ಆದರೆ ಐರೋಪ್ಯ ಒಕ್ಕೂಟದ ಸಂಶೋಧನಾ ಕೇಂದ್ರ 2020ರ ಕಾಡಿನ ಒಂದು ಜಾಗತಿಕ ನಕ್ಷೆ ಮಾಡಿಟ್ಟಿದೆ. ಅದನ್ನೇ ಪ್ರಮಾಣವೆಂದು ಹಿಡಿಯಬೇಕಿಲ್ಲ ಎಂದು ಅವರೇ ಹೇಳುತ್ತಾರೆ, ಆದರೂ ಕೊಳ್ಳುವವರು ಮೊದಲು ತೆರೆದು ನೋಡುವುದು ಅಂಥ ನಕ್ಷೆಯನ್ನೇ. ಚುಕ್ಕಿ ಹೋಗಿ ನಕ್ಷೆಯ ಹಸಿರಿನೊಳಗೆ ಕೂತರೆ, "2020ರಲ್ಲಿ ಇಲ್ಲಿ ಕಾಡಿತ್ತಲ್ಲ, ಈಗ ಕಾಫಿ ಹೇಗೆ ಬಂತು?" ಎಂಬ ಪ್ರಶ್ನೆ ಏಳುತ್ತದೆ. ಉತ್ತರ ಕೊಡಬೇಕಾದವರು ನನ್ನ ಚಿಕ್ಕಪ್ಪ. ಮೊದಲೇ ಮರ ಬೋಳಿಸಿ ಬಯಲು ಮಾಡಿಕೊಂಡವನಿಗೆ ಈ ಪ್ರಶ್ನೆ ಬರುವುದೇ ಇಲ್ಲ. ಮರ ಉಳಿಸಿಕೊಂಡವನೇ ತಾನು ಮರ ಕಡಿದಿಲ್ಲವೆಂದು ಸಾಬೀತು ಮಾಡಬೇಕು ಎನ್ನುವುದು ನನಗೆ ನುಂಗಲಾಗದ ಮಾತು.

ಅದೇ ಕಾನೂನಿನ ಕಣ್ಣಿಗೆ ಬೀಳದ ನಷ್ಟವೊಂದಿದೆ. ಅತ್ತಿ, ಗೋಣಿ, ನೇರಳೆ ತೆಗೆದು ಬೇಗ ಬೆಳೆಯುವ, ಬೇಗ ಮಾರಾಟವಾಗುವ ಸಿಲ್ವರ್ ಓಕ್ ಹಾಕುವುದು ನಮ್ಮ ಕಡೆ ಮೂವತ್ತು ನಲವತ್ತು ವರ್ಷದಿಂದ ನಡೆದಿದೆ. ಅದು ಆಸ್ಟ್ರೇಲಿಯಾ ಮೂಲದ ಮರ. ಹಣ್ಣಿಲ್ಲ, ಮಂಗಟ್ಟೆಗೆ ಗೂಡಿಲ್ಲ. ನಿಜವಾದ ಪರಿಸರ ಹಾನಿ ಅಲ್ಲಿದೆ. ಆದರೆ ನಕ್ಷೆಯಲ್ಲಿ ಹಸಿರು ಹಸಿರೇ. ಗೋಣಿಮರ ಉಳಿಸಿದ್ದಕ್ಕೆ ಕಿಲೋಗೆ ಎರಡು ರೂಪಾಯಿ ಹೆಚ್ಚು ಕೊಡಿ ಎಂದು ಕಾನೂನಿನಲ್ಲಿ ಎಲ್ಲೂ ಬರೆದಿಲ್ಲ.

ಈಗ ಒಂದು ಹಳೆಯ ಕತೆಗೆ ಹೋಗೋಣ. ಮಲ್ಪೆ, ಮಂಗಳೂರು ಬಂದರಿನ ಕೇಳುಗರಿಗೆ ಇದು ಹೊಸದಲ್ಲ. ಕಡಲಾಮೆಗಳು ಸಿಗಡಿ ಹಿಡಿಯುವ ಟ್ರಾಲ್ ಬಲೆಗೆ ಸಿಕ್ಕಿ ಉಸಿರು ಕಟ್ಟಿ ಸಾಯುತ್ತವೆ. ಅದನ್ನು ತಪ್ಪಿಸಲು ಬಲೆಯೊಳಗೆ ಲೋಹದ ಸರಳಿನ ಒಂದು ಜಾಲರಿ ಕೂರಿಸಿ, ಆಮೆ ಹೊರಹೋಗಲು ಕಿಂಡಿ ಬಿಡುತ್ತಾರೆ. ಇಂಥ ಸಾಧನ ಬಳಸದ ದೇಶದ ಸಿಗಡಿ ಬೇಡ ಎಂದು ಅಮೆರಿಕ 1989ರಲ್ಲಿ ಕಾನೂನು ಮಾಡಿತು. ಮೊದಲು ಅದನ್ನು ತನ್ನ ನೆರೆಯ ಕೆರಿಬಿಯನ್ ಸಮುದ್ರದ ದೇಶಗಳಿಗೆ ಅನ್ವಯಿಸಿತು. ಅವರಿಗೆ ಮೂರು ವರ್ಷ ಸಮಯ ಕೊಟ್ಟಿತು, ತಂತ್ರಜ್ಞಾನ ಕೊಟ್ಟಿತು, ಕೂತು ಮಾತಾಡಿ ಒಪ್ಪಂದ ಮಾಡಿಕೊಂಡಿತು. ಆಮೇಲೆ 1995ರ ಕೊನೆಯಲ್ಲಿ ಅಲ್ಲಿನ ನ್ಯಾಯಾಲಯವೊಂದು ಈ ಕಾನೂನು ಲೋಕಕ್ಕೆಲ್ಲ ಅನ್ವಯಿಸಬೇಕೆಂದು ಹೇಳಿತು, 1996ರ ಮೇ 1ರಿಂದ. ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್‌ಗಳಿಗೆ ಸಿಕ್ಕಿದ್ದು ನಾಲ್ಕು ತಿಂಗಳು.

ಈ ನಾಲ್ಕೂ ದೇಶಗಳು ವಿಶ್ವ ವ್ಯಾಪಾರ ಸಂಸ್ಥೆಯ ಮೆಟ್ಟಿಲು ಹತ್ತಿದವು. 1998ರ ಅಕ್ಟೋಬರ್‌ನಲ್ಲಿ ಮೇಲ್ಮನವಿ ಮಂಡಳಿ ಕೊಟ್ಟ ತೀರ್ಪನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಆಮೆಯನ್ನು ಉಳಿಸುವ ಉದ್ದೇಶ ಸರಿ ಎಂದಿತು ಮಂಡಳಿ. ಪರಿಸರಕ್ಕಾಗಿ ಒಂದು ದೇಶ ವ್ಯಾಪಾರಕ್ಕೆ ನಿಯಮ ಹಾಕಬಹುದು ಎಂದಿತು. ತಪ್ಪಿದ್ದು ನಡೆಸಿಕೊಂಡ ರೀತಿಯಲ್ಲಿ: ಕೆಲವರಿಗೆ ಮೂರು ವರ್ಷ, ಕೆಲವರಿಗೆ ನಾಲ್ಕು ತಿಂಗಳು. ಕೆಲವರ ಜೊತೆ ಮಾತುಕತೆ, ಉಳಿದವರಿಗೆ ಆಜ್ಞೆ. ಇದು ನ್ಯಾಯವಲ್ಲದ ಭೇದ ಎಂದು ಮಂಡಳಿ ಬರೆಯಿತು. ನಾವು ಗೆದ್ದೆವು ಎಂದು ಪತ್ರಿಕೆಗಳು ಬರೆದವು. ಆದರೆ ಅಮೆರಿಕ ರೀತಿಯನ್ನು ತಿದ್ದಿಕೊಂಡಿತು, ಕಾನೂನು ಉಳಿಯಿತು. ನಾವು ಮಾತ್ರ ಗೆದ್ದ ಮೇಲೆ ಸುಮ್ಮನೆ ಕೂತೆವು. ಇಪ್ಪತ್ತು ವರ್ಷದ ನಂತರ, 2019ರಿಂದ, ಭಾರತದ ಕಡಲಿನಲ್ಲಿ ಹಿಡಿದ ಸಿಗಡಿಗೆ ಅಮೆರಿಕದ ಬಾಗಿಲು ಮುಚ್ಚಿತು. ಆಮೆ ಕಿಂಡಿಯ ಬಲೆಯನ್ನು ಒರೆಹಚ್ಚಿ ನೋಡುವ ಕೆಲಸಕ್ಕೆ ನಮ್ಮ ಇಲಾಖೆಗಳು ಗಟ್ಟಿಯಾಗಿ ಕೈಹಾಕಿದ್ದು ಆಮೇಲೆ. ಹೊನ್ನಾವರದ ಕಾಸರಕೋಡಿನ ಮರಳಿಗೆ ಮೊಟ್ಟೆಯಿಡಲು ಬರುವ ಆಮೆಗೆ ಈ ಜಗಳದ ಇಪ್ಪತ್ತು ವರ್ಷದಲ್ಲಿ ಯಾವ ಕಡೆಯಿಂದಲೂ ಉಪಕಾರವಾಗಲಿಲ್ಲ.

ಆ ತೀರ್ಪಿನಲ್ಲಿ ನನಗೊಂದು ಅಳತೆಗೋಲು ಸಿಕ್ಕಿದೆ. ಶ್ರೀಮಂತ ದೇಶದ ಪರಿಸರ ನಿಯಮ ಬಂದಾಗ, ಅದು ಒಳ್ಳೆಯದೋ ಕೆಟ್ಟದ್ದೋ ಎಂದು ನಾನು ಕೇಳುವುದಿಲ್ಲ. ಸಮಯ ಎಷ್ಟು ಕೊಟ್ಟರು, ನೆರವು ಏನು ಕೊಟ್ಟರು, ಮೊದಲು ನಮ್ಮನ್ನು ಕೂರಿಸಿ ಮಾತಾಡಿದರೇ, ಇಷ್ಟನ್ನು ಕೇಳುತ್ತೇನೆ.

ಕಾಫಿಗೆ ಇದನ್ನು ಹಿಡಿದು ನೋಡಿ. ಕಾನೂನು ದೊಡ್ಡ ಕಂಪನಿಗಳಿಗೆ 2024ರ ಡಿಸೆಂಬರ್ 30ರಂದು ಜಾರಿಗೆ ಬರಬೇಕಿತ್ತು. ಆ ದಿನಾಂಕವನ್ನು ನಂಬಿ ನಮ್ಮ ರಫ್ತುದಾರರು ದುಡ್ಡು ಹಾಕಿ ಜನರನ್ನು ನೇಮಿಸಿ ತೋಟ ತೋಟ ಸುತ್ತಿದರು. ಇಥಿಯೋಪಿಯಾದಲ್ಲಿ ಲಕ್ಷಾಂತರ ಸಣ್ಣ ರೈತರ ಕಾಫಿಗೆ ಚುಕ್ಕಿ ಇಡುವುದು ಹೇಗೆಂದು ತೋಚದೆ, ಯುರೋಪಿನ ಕೆಲವು ಖರೀದಿದಾರರು ಅಲ್ಲಿ ಕೊಳ್ಳುವುದನ್ನೇ ಕಡಿಮೆ ಮಾಡಿದ ಸುದ್ದಿ 2023ರ ಕೊನೆಗೇ ಬಂತು. ಕಾಫಿಯ ತವರೂರು ಅದು. ಕಾನೂನು ಇನ್ನೂ ಜಾರಿಯಾಗಿರಲಿಲ್ಲ, ಬಡವನ ಗಿರಾಕಿ ಆಗಲೇ ಎದ್ದುಹೋಗಿದ್ದ. ಅಷ್ಟರಲ್ಲಿ ಯುರೋಪಿನ ಒಳಗಿನ ಮರದ ಉದ್ಯಮ, ಕೆಲವು ಸದಸ್ಯ ದೇಶಗಳು ನಮಗೂ ಕಷ್ಟ ಎಂದವು. ಹೊರಗಿನ ದೇಶಗಳೂ ಕೇಳಿಕೊಂಡವು. ಒಂದು ವರ್ಷ ಮುಂದೆ ಹೋಯಿತು. 2025ರಲ್ಲಿ ಬ್ರಸೆಲ್ಸ್‌ನ ಐರೋಪ್ಯ ಆಯೋಗವೇ, ಆಮದುದಾರರಿಂದ ಬರುವ ಅಷ್ಟು ಘೋಷಣಾಪತ್ರಗಳನ್ನು ನಮ್ಮ ಕಂಪ್ಯೂಟರ್ ವ್ಯವಸ್ಥೆ ತಡೆಯಲಾರದು ಎಂದು ಹೇಳಿತು. ಮತ್ತೊಂದು ವರ್ಷ ಮುಂದೆ ಹೋಯಿತು. ಈಗಿನ ಲೆಕ್ಕಕ್ಕೆ ದೊಡ್ಡ ಮತ್ತು ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30, ಚಿಕ್ಕವರಿಗೆ 2027ರ ಜೂನ್ 30.

ತಮ್ಮ ಕಂಪ್ಯೂಟರಿಗೆ ಬಿಡುವು ಬೇಕೆಂದು ಅವರಿಗೆ ತಿಳಿಯಿತು. ಅದು ಸಹಜವೇ. ನೆರಳಿನಲ್ಲಿ ಸಿಗ್ನಲ್ ಸಿಗದ ಮೊಬೈಲಿಗೂ ಬಿಡುವು ಬೇಕು ಎಂಬುದು ಅಷ್ಟೇ ಸಹಜವಾಗಿ ಅವರಿಗೆ ತಿಳಿಯಬೇಕಿತ್ತು. ಡಿಸೆಂಬರ್ 30 ಎಂದರೆ ನಮ್ಮಲ್ಲಿ ಅರೇಬಿಕಾ ಕೊಯ್ಲು ಮುಗಿಯುತ್ತಾ ರೋಬಸ್ಟಾ ಹಣ್ಣಾಗುವ ಕಾಲ, ಆಳು ಸಿಗದ ಕಾಲ, ಮಾಗಿಯಲ್ಲಿ ಮೋಡ ಕಂಡರೆ ಕಣದ ಕಾಫಿಗೆ ಟಾರ್ಪಾಲ್ ಹೊದಿಸಲು ಮನೆಮಂದಿಯೆಲ್ಲ ಓಡುವ ಕಾಲ. ಹೊಸ ಕಾನೂನಿಗೆ ಈ ತಾರೀಖನ್ನು ಕಾಫಿ ಬೆಳೆಯುವವರನ್ನು ಕೇಳಿ ಇಟ್ಟಿದ್ದಲ್ಲ.

2025ರ ಮೇ ತಿಂಗಳಿನಲ್ಲಿ ಐರೋಪ್ಯ ಒಕ್ಕೂಟದವರು ದೇಶಗಳನ್ನು ಅಪಾಯದ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದಾಗ ಭಾರತ ಕಡಿಮೆ ಅಪಾಯದ ಪಟ್ಟಿಗೆ ಬಂತು. ನೂರು ಆಮದುದಾರರಲ್ಲಿ ಒಬ್ಬರ ಸರಕನ್ನು ತಪಾಸಣೆ ಮಾಡಿದರೆ ಸಾಕು. ಬ್ರೆಜಿಲ್, ಇಂಡೋನೇಷ್ಯಾಗಳಿಗೆ ನೂರಕ್ಕೆ ಮೂರು. ಇದು ನಮಗೆ ನೆಮ್ಮದಿಯ ಸುದ್ದಿ, ನಿಜ. ಆದರೆ ತಪಾಸಣೆ ಕಡಿಮೆಯಾಯಿತೇ ಹೊರತು ಚುಕ್ಕಿ ಇಡುವುದು ತಪ್ಪಲಿಲ್ಲ.

ಕಬ್ಬಿಣದ ಕಡೆಗೂ ಸ್ವಲ್ಪ ತಿರುಗಬೇಕು, ಏಕೆಂದರೆ ಅಲ್ಲಿ ಮೊತ್ತ ದೊಡ್ಡದು. ಉಕ್ಕು, ಅಲ್ಯೂಮಿನಿಯಂ, ಸಿಮೆಂಟು, ಗೊಬ್ಬರ, ಜಲಜನಕ, ವಿದ್ಯುತ್ತುಗಳ ಮೇಲೆ ಐರೋಪ್ಯ ಒಕ್ಕೂಟ ಇಂಗಾಲದ ಗಡಿ ಸುಂಕ ತಂದಿದೆ. 2023ರ ಅಕ್ಟೋಬರ್‌ನಿಂದ ಲೆಕ್ಕ ಮಾತ್ರ ಕೇಳುತ್ತಿದ್ದರು, 2026ರ ಜನವರಿ 1ರಿಂದ ಹಣದ ಬಾಧ್ಯತೆ ಶುರು. ಒಂದು ಟನ್ ಉಕ್ಕು ತಯಾರಿಸುವಾಗ ಎಷ್ಟು ಇಂಗಾಲ ಹೊಗೆಯಾಯಿತೋ ಅದರ ಲೆಕ್ಕಕ್ಕೆ ತಕ್ಕಂತೆ, ಯುರೋಪಿನ ಕಾರ್ಖಾನೆ ತನ್ನ ಹೊಗೆಗೆ ಕೊಡುವ ದರದಲ್ಲೇ, ಆಮದುದಾರ ಪ್ರಮಾಣಪತ್ರ ಕೊಳ್ಳಬೇಕು. ಅವರ ಕಾರ್ಖಾನೆಗಳು ಕೊಡುವಾಗ ಹೊರಗಿನವರು ಬಿಟ್ಟಿಯಾಗಿ ಬರಬಾರದು ಎನ್ನುವ ವಾದ ಒಪ್ಪತಕ್ಕದ್ದೇ. ಆದರೆ ಅವರ ಉಕ್ಕಿನಲ್ಲಿ ದೊಡ್ಡ ಪಾಲು ಹಳೆಯ ಗುಜರಿಯನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಮಾಡಿದ್ದು. ಗುಜರಿ ಎಲ್ಲಿಂದ ಬಂತು? ನೂರೈವತ್ತು ವರ್ಷ ಕಲ್ಲಿದ್ದಲು ಸುಟ್ಟು ಕಟ್ಟಿದ ಸೇತುವೆ, ರೈಲು, ಕಾರುಗಳಿಂದ. ನಾವು ಈಗ ಕಟ್ಟುತ್ತಿರುವವರು. ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ಅದಿರು ಕರಗಿಸಲು ಕೋಕ್ ಬೇಕು. ಭಾರತದಲ್ಲಿ ಒಂದು ಟನ್ ಉಕ್ಕಿಗೆ ಸರಾಸರಿ ಎರಡೂವರೆ ಟನ್ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ದೊಡ್ಡ ಕಂಪನಿಗಳು ಲೆಕ್ಕಿಗರನ್ನು ಇಟ್ಟುಕೊಂಡು ಹೇಗೋ ನಿಭಾಯಿಸುತ್ತವೆ. ಲೂಧಿಯಾನದ ಗಲ್ಲಿಯಲ್ಲಿ ನಟ್ಟು ಬೋಲ್ಟು ಮಾಡುವವನು ತನ್ನ ಬೋಲ್ಟಿನ ಇಂಗಾಲ ಎಷ್ಟೆಂದು ಯಾರನ್ನು ಕೇಳಬೇಕು? ಹೇಳಲಾಗದಿದ್ದರೆ ಅವರೇ ನಿಗದಿ ಮಾಡಿದ ಅಂಕಿ ಹಚ್ಚುತ್ತಾರೆ, ಅದು ಹೆಚ್ಚೇ ಇರುತ್ತದೆ.

ಈ ಸುಂಕ ಇನ್ನೂ ಪ್ರಸ್ತಾಪದಲ್ಲಿದ್ದಾಗಲೇ, 2021ರಲ್ಲಿ, ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ವಿಭಾಗ ಒಂದು ಅಂದಾಜು ಮಾಡಿತ್ತು. ಟನ್‌ಗೆ 44 ಡಾಲರ್ ದರ ಇಟ್ಟರೆ ಅಭಿವೃದ್ಧಿಶೀಲ ದೇಶಗಳ ಆದಾಯ 590 ಕೋಟಿ ಡಾಲರ್ ಕುಗ್ಗುತ್ತದೆ, ಶ್ರೀಮಂತ ದೇಶಗಳ ಆದಾಯ 250 ಕೋಟಿ ಡಾಲರ್ ಹೆಚ್ಚುತ್ತದೆ ಎಂದು. ಭೂಮಿ ಬಿಸಿಯಾಗಿಸಿದ್ದರಲ್ಲಿ ಕಡಿಮೆ ಪಾಲಿರುವವರಿಂದ ಹೆಚ್ಚು ಪಾಲಿರುವವರ ಕಡೆಗೆ ಹಣ ಹರಿಯುತ್ತದೆ ಎಂದಾಯಿತು. ಮೊಜಾಂಬಿಕ್‌ನಂಥ ಕಡುಬಡ ದೇಶಕ್ಕೂ ವಿನಾಯಿತಿ ಇಲ್ಲ, ಸುಂಕ ಪ್ರಸ್ತಾಪವಾದಾಗ ಅದರ ರಫ್ತಿನಲ್ಲಿ ಯುರೋಪಿಗೆ ಹೋಗುವ ಅಲ್ಯೂಮಿನಿಯಂ ದೊಡ್ಡ ಬಾಬತ್ತಾಗಿತ್ತು. ಹೀಗೆ ಬಂದ ಸುಂಕವನ್ನು ಆ ದೇಶಗಳಲ್ಲೇ ಹೊಗೆ ಕಡಿಮೆ ಮಾಡುವ ಕುಲುಮೆಗೆ ಕೊಡುತ್ತೇವೆ ಎಂದು ಕಾನೂನು ಕಟ್ಟಿಹಾಕಿದ್ದರೆ ನಾನು ಅದನ್ನು ಇದೇ ಮೈಕಿನ ಮುಂದೆ ಹೊಗಳುತ್ತಿದ್ದೆ. ಹಾಗೆ ಮಾಡಿಲ್ಲ.

1992ರಲ್ಲಿ ರಿಯೋ ನಗರದಲ್ಲಿ ಲೋಕದ ದೇಶಗಳೆಲ್ಲ ಸೇರಿ ಅಂಗೀಕರಿಸಿದ ಘೋಷಣೆಯಲ್ಲಿ ಎರಡು ಮಾತುಗಳಿವೆ. ಹೊಣೆ ಎಲ್ಲರದೂ, ಆದರೆ ಎಲ್ಲರ ಹೊಣೆ ಒಂದೇ ತೂಕದ್ದಲ್ಲ ಎಂಬುದು ಏಳನೆಯ ತತ್ವ. ತನ್ನ ಗಡಿಯಾಚೆಯ ಪರಿಸರದ ವಿಷಯದಲ್ಲಿ ಆಮದು ಮಾಡುವ ದೇಶ ಒಬ್ಬಂಟಿಯಾಗಿ ಕ್ರಮ ಕೈಗೊಳ್ಳುವುದನ್ನು ತಪ್ಪಿಸಬೇಕು ಎಂಬುದು ಹನ್ನೆರಡನೆಯದು. ಆ ಕಾಗದ ಈಗಲೂ ಇದೆ. ಜೊತೆಗೆ ಇನ್ನೊಂದು ನಡವಳಿಕೆಯೂ ಇದೆ: ತಮ್ಮ ಹೊಲದಲ್ಲಿ ಸಿಂಪಡಿಸುವುದನ್ನು ನಿಷೇಧಿಸಿದ ಕೀಟನಾಶಕಗಳನ್ನು ಅದೇ ಯುರೋಪಿನ ಕಾರ್ಖಾನೆಗಳು ಬೇರೆ ದೇಶಗಳಿಗೆ ಮಾರುತ್ತವೆ. 2018ರ ಒಂದೇ ವರ್ಷ 81,000 ಟನ್‌ಗೂ ಹೆಚ್ಚಿನ ಇಂಥ ವಿಷದ ರಫ್ತಿಗೆ ಒಪ್ಪಿಗೆ ಸಿಕ್ಕಿತ್ತು. ಒಳಗೆ ಬರುವುದನ್ನು ಆರು ದಶಾಂಶದವರೆಗೆ ಅಳೆಯುವವರು ಹೊರಗೆ ಹೋಗುವುದನ್ನೂ ಅಷ್ಟೇ ನಿಷ್ಠೆಯಿಂದ ಅಳೆಯಲಿ ಎಂದು ಕೇಳುವ ಹಕ್ಕು ನಮಗಿದೆ.

ಹೊರಗಿನ ನಿಯಮದಿಂದ ನಮಗೆ ಒಳಿತೇ ಆಗಿಲ್ಲ ಎಂದರೆ ಅದು ಸುಳ್ಳು. 1994ರಲ್ಲಿ ಜರ್ಮನಿ ಕ್ಯಾನ್ಸರ್ ತರುವ ಕೆಲವು ಅಜೋ ಬಣ್ಣಗಳನ್ನು ಹಾಕಿದ ಬಟ್ಟೆ, ಚರ್ಮ ಬೇಡವೆಂದಿತು. ನಮ್ಮ ಸಣ್ಣ ಬಣ್ಣಗಾರರು ಕಂಗಾಲಾದರು. 1997ರಲ್ಲಿ ಭಾರತವೂ ಆ ಬಣ್ಣಗಳನ್ನು ನಿಷೇಧಿಸಿತು. ಆ ಬಣ್ಣದ ತೊಟ್ಟಿಯಲ್ಲಿ ಕೈಯಾಡಿಸುತ್ತಿದ್ದವರು ನಮ್ಮವರು, ಮೂತ್ರಕೋಶದ ಕ್ಯಾನ್ಸರಿನ ಅಪಾಯ ಅವರಿಗೇ ಹೆಚ್ಚಿತ್ತು. ನಮ್ಮ ಕೂಲಿಯವರಿಗಾಗಿ ನಾವೇ ಮೊದಲು ಮಾಡಬೇಕಿದ್ದ ಕೆಲಸ ಅದು.

ಕಾಫಿಯಲ್ಲೂ ನಾವೇ ಮಾಡಬೇಕಿದ್ದ ಕೆಲಸವೊಂದು ಬಾಕಿ ಇದೆ. ಅದನ್ನು ಹೇಳದೆ ಯುರೋಪನ್ನು ಮಾತ್ರ ದೂರಿದರೆ ನನ್ನ ಮಾತು ಅರ್ಧವಾಗುತ್ತದೆ. ಕಾನೂನು ಚುಕ್ಕಿಯ ಜೊತೆಗೆ ಇನ್ನೊಂದನ್ನು ಕೇಳುತ್ತದೆ ಎಂದೆನಲ್ಲ: ಈ ನೆಲದಲ್ಲಿ ಬೆಳೆಯಲು ನಿಮಗೆ ಕಾನೂನಿನ ಹಕ್ಕಿದೆಯೇ? ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲಿ. ಕೊಡಗಿನ ವಂಶಪಾರಂಪರ್ಯ ಹಿಡುವಳಿಗಳಾದ ಜಮ್ಮಾ ಬಾಣೆಗಳಲ್ಲಿ ಪಹಣಿ ಇನ್ನೂ ಕುಟುಂಬದ ಯಾವುದೋ ತಲೆಮಾರಿನ ಪಟ್ಟೇದಾರರ ಹೆಸರಿನಲ್ಲಿರುತ್ತದೆ, ಉಳುವವರ ಹೆಸರು ಎಲ್ಲೋ ಕೆಳಗೆ. ಮಲೆನಾಡಿನಲ್ಲಿ ಅಳೆದು ಬೇರೆ ಮಾಡದ, ಅಂದರೆ ಪೋಡಿಯಾಗದ ಸರ್ವೆ ನಂಬರುಗಳಿಗೆ ಲೆಕ್ಕವಿಲ್ಲ. ಪಕ್ಕದ ಸರ್ಕಾರಿ ಜಾಗಕ್ಕೆ ಹಬ್ಬಿದ ಒತ್ತುವರಿ ತೋಟಗಳದು ಇನ್ನೊಂದು ಕತೆ. ಅವನ್ನು ಗುತ್ತಿಗೆಗೆ ಕೊಡಲು ಸರ್ಕಾರ ಕಾನೂನನ್ನೇ ತಿದ್ದಿದೆ, ಕಡತಗಳು ಮಾತ್ರ ಮೇಜಿನಿಂದ ಮೇಜಿಗೆ ನಡೆದಾಡುತ್ತಿವೆ. ಕಾಫಿ ಮಂಡಳಿ ನೋಂದಣಿಗೆ ಮೊಬೈಲ್ ಆ್ಯಪ್ ತಂದಿದೆ, ಊರೂರಲ್ಲಿ ಸಭೆ ಮಾಡುತ್ತಿದೆ. ಆದರೆ ಆ್ಯಪಿಗೆ ಪಹಣಿ ಬೇಕು, ಪಹಣಿ ಸರಿಯಾಗಲು ನಾಡಕಚೇರಿ ಬೇಕು. ಬ್ರಸೆಲ್ಸ್ ಕೇಳುವ ಮೊದಲೇ ನಮ್ಮ ಸಣ್ಣ ಬೆಳೆಗಾರನ ನೆಲ ಅವನ ಹೆಸರಿಗೆ ಬರಬೇಕಿತ್ತು. ಸಾಲಕ್ಕೂ ಅದೇ ಬೇಕು, ಬೆಳೆಹಾನಿ ಪರಿಹಾರಕ್ಕೂ ಅದೇ ಬೇಕು.

ನಾನು ಕೇಳುವುದು ಇಷ್ಟೇ. ಜಮೀನಿನ ಚುಕ್ಕಿ ಗುರುತಿಸುವ, ಕಾಫಿಯನ್ನು ಬೇರೆಬೇರೆ ಇಡುವ ಖರ್ಚು ಕಾಫಿಯ ಬೆಲೆಯಲ್ಲೇ ಸೇರಲಿ, ಅದನ್ನು ಕೊಳ್ಳುವವರು ಕೊಡಲಿ. ಮಿಲಾನಿನ ಒಂದು ಕಪ್ಪಿಗೆ ಅದು ಪುಡಿಗಾಸು. ಮೂರೆಕರೆಯವನಿಗೆ ಅದು ಎರಡು ದಿನದ ಆಳಿನ ಕೂಲಿ. ನೆರಳಿನ ತೋಟವನ್ನು ನೆರಳಿನ ತೋಟವೆಂದೇ ಗುರುತಿಸುವ ನಕ್ಷೆಯನ್ನು ನಮ್ಮ ವಿಜ್ಞಾನಿಗಳು ಮಾಡಲಿ. ಬಾಳೆಹೊನ್ನೂರಿನಲ್ಲಿ ನೂರು ವರ್ಷ ಹಳೆಯ ಕಾಫಿ ಸಂಶೋಧನಾ ಕೇಂದ್ರವಿದೆ, ನಮ್ಮ ದೇಶದ್ದೇ ಉಪಗ್ರಹಗಳಿವೆ. ಆ ನಕ್ಷೆಯನ್ನು ಯುರೋಪಿನವರು ಒಪ್ಪುವಂತೆ ನಮ್ಮ ಸರ್ಕಾರ ಪಟ್ಟುಹಿಡಿದು ಮಾತಾಡಲಿ. ಸಿಗಡಿಯಲ್ಲಿ ಮಾಡಿದಂತೆ ಗೆದ್ದೆವೆಂದು ಮಲಗುವುದು ಬೇಡ.

ಅವತ್ತು ಮೂಡಿಗೆರೆಯಲ್ಲಿ ಆದದ್ದನ್ನು ಹೇಳಿ ಮುಗಿಸುತ್ತೇನೆ. ಗೋಣಿಮರದ ಆಚೆ, ಹೋದ ಮಳೆಗೆ ಕೊಂಬೆ ಮುರಿದು ಆಕಾಶ ಕಾಣುವ ಒಂದು ಜಾಗವಿತ್ತು. ಅಲ್ಲಿ ನಿಂತಾಗ ಮೊಬೈಲು ಒಂದು ಕಡೆ ನಿಂತಿತು. ಹುಡುಗ ಅಂಕಿಗಳನ್ನು ಓದಿ ಹೇಳಿದ, ಚಿಕ್ಕಪ್ಪ ಅದನ್ನು ಕಾಫಿ ಚೀಲದ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡರು. ಮನೆಗೆ ಬಂದು ಪಹಣಿ ತೆಗೆದರು. ಹುಡುಗ ಒಂದೆರಡು ನಿಮಿಷ ಓದಿ, "ಗೌಡ್ರೇ, ಇದು ನಿಮ್ಮ ಹೆಸರಲ್ಲಿ ಇಲ್ವಲ್ಲ" ಅಂದ.

ಪಹಣಿ ನನ್ನಜ್ಜನ ಹೆಸರಿನಲ್ಲಿತ್ತು. ಅಜ್ಜ ತೀರಿಕೊಂಡು ಇಪ್ಪತ್ತಾರು ವರ್ಷ. ಪೌತಿ ಖಾತೆ ಆಗಿಲ್ಲ. ಆಗಬೇಕಾದರೆ ವಾರಸುದಾರರೆಲ್ಲ ಸಹಿ ಹಾಕಬೇಕು: ಇಬ್ಬರು ಅತ್ತೆಯಂದಿರು, ಬೆಂಗಳೂರಿನ ದೊಡ್ಡಪ್ಪನ ಮಕ್ಕಳು, ನನ್ನ ತಂದೆಯ ಪಾಲಿಗೆ ನಾನು. ಇಷ್ಟು ವರ್ಷ ಚಿಕ್ಕಪ್ಪ ಒಮ್ಮೆಯೂ ನನ್ನನ್ನು ಕೇಳಿರಲಿಲ್ಲ, ನಾನೂ ವಿಚಾರಿಸಿರಲಿಲ್ಲ. ಹೊರಡುವಾಗ ಜಗುಲಿಯಲ್ಲಿ ನಿಂತು, "ಬರೋ ಕೊಯ್ಲಿನೊಳಗೆ ಒಂದ್ಸಲ ಬಂದು ಹೋಗ್ತೀಯೇನೋ ಮಗ" ಅಂದರು.

ಈ ಸೋಮವಾರ ನಾಡಕಚೇರಿಗೆ ಹೋಗುತ್ತಿದ್ದೇನೆ. ಅತ್ತೆಯಂದಿರನ್ನೂ ಕರೆದುಕೊಂಡು.